ಅಡ್ಡ ನಿಲ್ಲುವ ಕೆಲಸ

ಕಾಲೇಜಿನ ಹಾಕಿ ತಂಡದಲ್ಲಿ ನನ್ನ ಹೆಸರು ಬಾಗಿಲು. ಇಟ್ಟವಳು ನಮ್ಮ ಕ್ಯಾಪ್ಟನ್. ಮೊದಲ ಪಂದ್ಯ ಮುಗಿದ ಮೇಲೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತು, ನೀರು ಕುಡಿಯುತ್ತಾ, ‘ಗೋಲ್‌ಕೀಪರ್ ಅಂದ್ರೆ ಗೋಡೆ ಥರ ಇರ್ಬೇಕು ಕಣೇ. ನೀನು ಬಾಗಿಲು. ಅದೂ ಯಾವಾಗ್ಲೂ ತೆಗ್ದೇ ಇರೋ ಬಾಗಿಲು’ ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆರು ಗೋಲು ಬಿಟ್ಟವಳಿಗೆ ಮುಖ ಊದಿಸಿಕೊಳ್ಳುವ ಹಕ್ಕು ಇರುವುದಿಲ್ಲ. ಸಾಯಂಕಾಲದ ಹೊತ್ತಿಗೆ ಆ ಹೆಸರು ಕ್ಯಾಂಟೀನಿನವನ ತನಕ ಹೋಗಿತ್ತು. ಟೀ ಲೋಟ ಮುಂದಿಡುತ್ತಾ ಅವನು, ‘ಏನ್ ಬಾಗಿಲಮ್ಮಾ, ಇವತ್ತು ಎಷ್ಟು ಜನ ಒಳಗ್ ಬಂದ್ರು?’ ಎಂದು ವಿಚಾರಿಸಿಕೊಂಡ.

ನಾನು ಗೋಲ್‌ಕೀಪರ್ ಆದದ್ದು ಆಟ ಬರುತ್ತಿತ್ತು ಎಂದಲ್ಲ, ಸಾಮಾನು ಮೈಗೆ ಹೊಂದುತ್ತಿತ್ತು ಎಂದು. ಹಿಂದಿನ ಕೀಪರ್ ಓದು ಮುಗಿಸಿ ಹೋಗಿದ್ದಳು. ಅವಳು ಭಾರಿ ಆಳು. ಅವಳ ಅಳತೆಗೆಂದೇ ತರಿಸಿದ್ದ ಕಾಲಿನ ಪ್ಯಾಡು, ಎದೆಕವಚ, ಹೆಲ್ಮೆಟ್ಟು ಎಲ್ಲವೂ ಕ್ರೀಡಾಕೊಠಡಿಯ ಮೂಲೆಯಲ್ಲಿ ಒಡತಿಯಿಲ್ಲದೆ ಬಿದ್ದಿದ್ದವು. ಕೋಚ್ ಸರ್ ಅವುಗಳಿಗೆ ತಕ್ಕ ಹುಡುಗಿಯನ್ನು ಹುಡುಕುತ್ತಾ ತರಗತಿಯಿಂದ ತರಗತಿಗೆ ಹೋಗುತ್ತಿದ್ದರು. ನಮ್ಮ ಕ್ಲಾಸಿಗೂ ಬಂದರು. ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನ ತನಕ ಕಣ್ಣಾಡಿಸಿದರು. ಆ ಕಣ್ಣು ನನ್ನ ಮೇಲೆ ಬಂದು ನಿಂತಿತು.

‘ಏಳಮ್ಮ’ ಅಂದರು.

ಎದ್ದೆ.

‘ಸಾಕು, ಕೂತ್ಕೋ. ಸಾಯಂಕಾಲ ಗ್ರೌಂಡಿಗೆ ಬಾ.’

ಆಡಲು ಬರುತ್ತದೆಯೇ ಎಂದು ಅವರು ಕೇಳಲಿಲ್ಲ, ಬರುವುದಿಲ್ಲ ಎಂದು ನಾನೂ ಹೇಳಲಿಲ್ಲ. ಅವತ್ತು ಸಂಜೆ ಇಬ್ಬರು ಹುಡುಗಿಯರು ಸೇರಿ ನನಗೆ ಪ್ಯಾಡು ಬಿಗಿದರು. ಹಿಂದಿನ ಕೀಪರಿನ ಎರಡು ವರ್ಷದ ಬೆವರಿನ ವಾಸನೆ ಅದರಲ್ಲಿ ಹಾಗೇ ಇತ್ತು. ಹೆಲ್ಮೆಟ್ಟು ಹಾಕಿಕೊಂಡ ಮೇಲೆ ಲೋಕವೆಲ್ಲಾ ಕಂಬಿಗಳ ಆಚೆಗೆ ಹೋಯಿತು. ಕೋಚ್ ಸರ್ ನನ್ನ ತೋಳು ಹಿಡಿದು ಎರಡು ಕಂಬಗಳ ನಡುವೆ ನಿಲ್ಲಿಸಿ, ‘ನೋಡಮ್ಮ, ಇಲ್ಲಿ ನಿಲ್ಲು. ಯಾರೇ ಬರ್ಲಿ, ಏನೇ ಬರ್ಲಿ, ಸರೀಬೇಡ. ಅಡ್ಡ ನಿಲ್ಲೋದೇ ನಿನ್ನ ಕೆಲಸ’ ಎಂದರು. ಹೆಲ್ಮೆಟ್ಟಿನ ಒಳಗೆ ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಹೊರಗಿನವರಿಗೆ ಕಾಣಲಿಲ್ಲ, ನನ್ನ ಪುಣ್ಯ.

ಅಷ್ಟಕ್ಕೇ ಅಳುವಂಥದ್ದೇನಿತ್ತು ಎಂದು ತಿಳಿಯಬೇಕಾದರೆ ನಮ್ಮ ಮನೆಯನ್ನು ನೋಡಬೇಕು. ನಮ್ಮದು ಮೂವರು ಹೆಂಗಸರ ಸಂಸಾರ: ಅಮ್ಮ, ದೊಡ್ಡಮ್ಮ, ನಾನು. ಅಮ್ಮ ಆಸ್ಪತ್ರೆಯಲ್ಲಿ ನರ್ಸು. ಅವಳು ಮನೆಯಲ್ಲಿದ್ದಾಗ ನಿದ್ದೆಯಲ್ಲಿರುತ್ತಾಳೆ, ಎಚ್ಚರವಾಗಿದ್ದಾಗ ಆಸ್ಪತ್ರೆಯಲ್ಲಿರುತ್ತಾಳೆ. ಹಾಗಾಗಿ ನನ್ನನ್ನು ಸಾಕಿದ್ದು ಅಮ್ಮನ ಅಕ್ಕ. ದೊಡ್ಡಮ್ಮನದು ಫೋಟೋ ಸ್ಟುಡಿಯೋ; ಕೆಳಗೆ ಸ್ಟುಡಿಯೋ, ಮೇಲೆ ಮನೆ. ಬೀದಿಯಿಂದ ನೋಡಿದರೆ ಗಾಜಿನ ಕಿಟಕಿಯಲ್ಲಿ ಯಾರದೋ ಮದುವೆಯ ಜೋಡಿ, ಯಾರದೋ ಹಲ್ಲಿಲ್ಲದ ಮಗು, ಯಾರೋ ಒಬ್ಬ ಡಾಕ್ಟರು. ಬಿಸಿಲು ಬಿದ್ದೂ ಬಿದ್ದೂ ಎಲ್ಲರೂ ನೀಲಿಗಟ್ಟಿದ್ದಾರೆ. ಒಳಗೆ ಉದ್ದನೆಯ ಕಿರಿದಾದ ಕೋಣೆ. ಕೊನೆಯಲ್ಲಿ ಬಿಳಿ ಪರದೆ, ಪರದೆಯ ಮುಂದೆ ಒಂದು ಸ್ಟೂಲು, ಎರಡು ಕಡೆಗೂ ದೀಪದ ಕೊಡೆಗಳು. ಆ ಕೋಣೆಯಲ್ಲಿ ಒಬ್ಬರು ಫೋಟೋ ತೆಗೆಯಬಹುದು, ಒಬ್ಬರು ತೆಗೆಸಿಕೊಳ್ಳಬಹುದು. ಮೂರನೆಯವಳಾಗಿ ನಾನಿದ್ದರೆ ಯಾವುದಾದರೊಂದಕ್ಕೆ ಅಡ್ಡವೇ.

‘ಸರ್ಕೋ ಆ ಕಡೆ, ಬೆಳಕಿಗೆ ಅಡ್ಡ ಬರ್ತಿದೀಯ.’ ‘ಸರ್ಕೋ ಈ ಕಡೆ, ನಿನ್ನ ನೆರಳು ಅವರ ಮುಖದ ಮೇಲೆ ಬೀಳ್ತಿದೆ.’ ‘ಅಯ್ಯೋ ಸರ್ಕೋ ಮಾರಾಯ್ತಿ, ವೈರ್ ತುಳೀತಿದೀಯ.’ ನಾನು ಹುಟ್ಟಿನಿಂದಲೇ ಮೈತುಂಬಿಕೊಂಡವಳು. ದೊಡ್ಡಮ್ಮನಿಗೆ ನನ್ನ ಮೇಲೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳ ಬಾಯಲ್ಲಿ ನನ್ನ ಹೆಸರಿಗಿಂತ ಹೆಚ್ಚು ಸಲ ಬಂದದ್ದು ‘ಸರ್ಕೋ’ ಎನ್ನುವ ಮಾತೇ. ಹೈಸ್ಕೂಲಿಗೆ ಬರುವ ಹೊತ್ತಿಗೆ ಅವಳು ಬಾಯಿ ತೆರೆಯುವ ಮೊದಲೇ ಸರಿದುಬಿಡುತ್ತಿದ್ದೆ. ಬಸ್ಸಿನಲ್ಲಿ ಸರಿಯುತ್ತಿದ್ದೆ, ಅಂಗಡಿಯ ಕ್ಯೂನಲ್ಲಿ ಸರಿಯುತ್ತಿದ್ದೆ, ಬೀದಿಯಲ್ಲಿ ನಾಯಿ ಎದುರು ಬಂದರೂ ಅದಕ್ಕೆ ದಾರಿ ಬಿಟ್ಟು ನಿಲ್ಲುತ್ತಿದ್ದೆ. ನಾಯಿಗೂ ಅದು ಅಭ್ಯಾಸವಾಗಿಹೋಗಿತ್ತು.

ಸ್ಟುಡಿಯೋದಲ್ಲಿ ನಾನು ಅಡ್ಡವಾಗದೆ ಇರುತ್ತಿದ್ದ ಜಾಗ ಒಂದೇ, ಆ ಸ್ಟೂಲು. ಗಿರಾಕಿ ಒಳಗೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತಿರುವಾಗ ದೊಡ್ಡಮ್ಮ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಬೆಳಕು ನೋಡುತ್ತಿದ್ದಳು. ಒಂದು ಸಲ ಫಕ್ಕನೆ ಫ್ಲ್ಯಾಶ್. ಕೊಡೆ ಸ್ವಲ್ಪ ತಿರುಗಿಸಿ ಮತ್ತೊಂದು ಸಲ. ನಡೆಯಲು ಕಲಿತ ದಿನಗಳಿಂದ ಕಾಲೇಜಿಗೆ ಹೋಗುವ ತನಕ ನಾನು ಊರಿನವರೆಲ್ಲರ ಪರವಾಗಿ ಕಣ್ಣಿಗೆ ಫ್ಲ್ಯಾಶ್ ಹೊಡೆಸಿಕೊಂಡಿದ್ದೇನೆ. ಇದೊಂದು ಸಾಧನೆ ಎಂದು ಯಾರೂ ಒಪ್ಪುವುದಿಲ್ಲ.

ಇಂಥವಳಿಗೆ ಒಬ್ಬರು ಬಂದು, ಕೈಹಿಡಿದು ನಿಲ್ಲಿಸಿ, ‘ಅಡ್ಡ ನಿಲ್ಲು, ಸರೀಬೇಡ’ ಎಂದರೆ ಏನಾಗಬೇಡ! ನನ್ನ ಮೈ ನನಗೆ ಮೊದಲ ಸಲ ಉಪಯೋಗಕ್ಕೆ ಬಂದಂತಾಯಿತು. ಆ ಎರಡು ಕಂಬಗಳ ನಡುವಿನ ಜಾಗವನ್ನು ನಾನು ಮನಸಾರೆ ಪ್ರೀತಿಸಿದೆ. ತೊಂದರೆ ಒಂದೇ. ಚೆಂಡು ಕೂಡ ಆ ಜಾಗವನ್ನು ಅಷ್ಟೇ ಪ್ರೀತಿಸುತ್ತಿತ್ತು.

ಮೊದಲ ಪಂದ್ಯದಲ್ಲಿ ಆರು ಗೋಲು ಎಂದೆನಲ್ಲ. ಎರಡನೆಯದರಲ್ಲಿ ಐದು. ಕೋಚ್ ಸರ್ ಸ್ವಭಾವತಃ ಒಳ್ಳೆಯವರು. ‘ನೋಡಿದ್ರಾ, ಸುಧಾರಿಸ್ತಿದೀವಿ’ ಎಂದರು. ಮೂರನೆಯದರಲ್ಲಿ ಏಳಾದಾಗ ಅವರು ಬೇರೆ ವಿಷಯ ಹುಡುಕಿಕೊಂಡು, ‘ಇವತ್ತು ನಮ್ಮ ಹುಡುಗೀರ ಯೂನಿಫಾರ್ಮ್ ಎಷ್ಟು ನೀಟಾಗಿತ್ತು’ ಎಂದು ಮೆಚ್ಚಿಕೊಂಡರು. ನನ್ನದು ಎಲ್ಲರಿಗಿಂತ ನೀಟಾಗಿತ್ತು. ಒಂದು ಸಲವೂ ಬಿದ್ದಿರಲಿಲ್ಲವಲ್ಲ.

ನನಗೆ ಆಗುತ್ತಿದ್ದುದು ಹೀಗೆ. ಎದುರು ತಂಡದವಳು ಚೆಂಡನ್ನು ಹೊಡೆದುಕೊಂಡು ಬರುವುದು ಕಾಣುತ್ತಿತ್ತು. ಅವಳು ಎಲ್ಲಿಂದ ಹೊಡೆಯುತ್ತಾಳೆ, ಯಾವ ಗಳಿಗೆಯಲ್ಲಿ ಹೊಡೆಯುತ್ತಾಳೆ ಎನ್ನುವುದೂ ನನ್ನ ಮುಂದೆ ಕಾವಲು ನಿಂತ ನಮ್ಮ ಬ್ಯಾಕ್‌ಗಳಿಗಿಂತ ಮೊದಲೇ ನನಗೆ ಗೊತ್ತಾಗಿಬಿಡುತ್ತಿತ್ತು. ಈಗ, ಈಗ ಹೊಡೆಯುತ್ತಾಳೆ ಎನ್ನುವಷ್ಟರಲ್ಲಿ ಚೆಂಡು ಮಾಯ. ಆಮೇಲೆ ನೋಡಿದರೆ ನನ್ನ ಬೆನ್ನ ಹಿಂದಿನ ಬಲೆಯಲ್ಲಿ ಹಾಯಾಗಿ ಬಿದ್ದಿರುತ್ತಿತ್ತು. ನಡುವಿನ ಪ್ರಯಾಣವನ್ನು ನಾನು ಒಮ್ಮೆಯೂ ಕಂಡವಳಲ್ಲ. ವೇಗ ಎಂದರೆ ಇದೇ ಎಂದುಕೊಂಡಿದ್ದೆ. ಎಲ್ಲ ಕೀಪರುಗಳಿಗೂ ಚೆಂಡು ಹೀಗೇ ಮಾಯವಾಗುತ್ತದೆ, ಅವರು ಹೇಗೋ ಅಂದಾಜಿನ ಮೇಲೆ ಕಾಲು ಹಾಕಿ ತಡೆಯುತ್ತಾರೆ, ನನ್ನ ಅಂದಾಜು ಇನ್ನೂ ಪಳಗಿಲ್ಲ ಎಂದು ನಂಬಿದ್ದೆ. ಒಮ್ಮೆ ಕ್ಯಾಪ್ಟನ್‌ಗೆ, ‘ಚೆಂಡು ಕಾಣೋದೇ ಇಲ್ವಲ್ಲಾ ಅಕ್ಕ, ಹೇಗೆ ತಡೀತಾರೆ?’ ಎಂದು ಕೇಳಿದೆ. ಅವಳು ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನನ್ನ ಹೆಲ್ಮೆಟ್ಟಿನ ಮೇಲೆ ಮೊಟಕಿದಳು.

ಕೋಚ್ ಸರ್ ದಿನಕ್ಕೊಂದು ಉಪಾಯ ಹೇಳುತ್ತಿದ್ದರು. ಒಂದು ದಿನ ಗೆರೆಗಿಂತ ಮುಂದೆ ನಿಲ್ಲು ಎಂದರು, ಮರುದಿನ ಗೆರೆಯ ಮೇಲೇ ನಿಲ್ಲು ಎಂದರು. ಮಂಡಿ ಬಗ್ಗಿಸು ಎಂದರು. ಕ್ಯಾರೆಟ್ ತಿನ್ನು ಎಂದರು. ತಿಂದೆ. ಕ್ಯಾರೆಟ್ ತಿಂದದ್ದರಿಂದ ಆದ ಲಾಭವೆಂದರೆ, ಬಲೆಯಲ್ಲಿ ಬಿದ್ದ ಚೆಂಡು ಇನ್ನೂ ಸ್ಪಷ್ಟವಾಗಿ ಕಾಣತೊಡಗಿತು.

ಮೂರನೆಯ ಪಂದ್ಯದ ಮರುದಿನ ಅವರು ನನ್ನನ್ನು ಕ್ರೀಡಾಕೊಠಡಿಗೆ ಕರೆದರು. ಅಲ್ಲಿ ಭರ್ಜಿ ಎಸೆಯುವ ಹುಡುಗಿ ಒಬ್ಬಳು ನಿಂತಿದ್ದಳು. ಎತ್ತರಕ್ಕೆ, ತೆಳ್ಳಗೆ, ಅವಳೇ ಒಂದು ಭರ್ಜಿ.

‘ಮುಂದಿನ ಮ್ಯಾಚ್ ನೀನೇ ಆಡು’ ಎಂದರು ಕೋಚ್ ಸರ್, ನನ್ನ ಮುಖ ನೋಡದೆ, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ. ‘ಅದೂ ಹೀಗೇ ಆದ್ರೆ ಪ್ಯಾಡ್ ಇವಳಿಗೆ ಕೊಟ್ಬಿಡು. ಬೇಜಾರ್ ಮಾಡ್ಕೋಬೇಡಮ್ಮ. ಇಡೀ ಟೀಮಿನ ಪ್ರಶ್ನೆ.’

ಬೇಜಾರು ಮಾಡಿಕೊಳ್ಳಬೇಡ ಎಂದರೆ ಆಗುತ್ತದೆಯೇ? ಭರ್ಜಿ ಪಾಪ, ‘ಈ ಪ್ಯಾಡ್ ನಂಗೆ ದೊಡ್ಡದಾಗತ್ತೆ ಸರ್’ ಎಂದಳು. ‘ಒಳಗೆ ಬಟ್ಟೆ ತುಂಬ್ಕೋಬಹುದು’ ಎಂದರು ಸರ್. ನನ್ನ ಜಾಗವನ್ನು ಬಟ್ಟೆಯಿಂದಲೂ ತುಂಬಬಹುದು ಎಂಬುದು ನನಗೆ ಆಗ ಹೊಳೆಯಿತು. ಆ ಎರಡು ಕಂಬಗಳ ನಡುವಿನಿಂದಲೂ ಸರಿಯಬೇಕಾಗಿ ಬಂದರೆ ಮತ್ತೆ ಸ್ಟುಡಿಯೋದ ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದೇ ನನ್ನ ಪಾಲಿಗೆ ಉಳಿಯುತ್ತಿತ್ತು.

ಮೂರನೆಯ ಪಂದ್ಯಕ್ಕೆ ದೊಡ್ಡಮ್ಮನೂ ಬಂದಿದ್ದಳು. ನನ್ನ ಆಟ ನೋಡಲೆಂದಲ್ಲ. ಕಾಲೇಜಿನ ವಾರ್ಷಿಕ ಸಂಚಿಕೆಗೆ ತಂಡದ ಆಟದ ಫೋಟೋ ಬೇಕೆಂದು ಪ್ರಿನ್ಸಿಪಾಲರು ಹೇಳಿದ್ದರು. ಉದ್ದನೆಯ ಲೆನ್ಸು ಹಾಕಿಕೊಂಡು ಗೋಲಿನ ಪಕ್ಕದಲ್ಲಿ ಕೂತು, ಏಳು ಗೋಲುಗಳನ್ನೂ ಒಂದೂ ಬಿಡದೆ ತೆಗೆದುಕೊಂಡು ಬಂದಿದ್ದಳು. ದೊಡ್ಡಮ್ಮನ ಕೆಲಸ ಯಾವಾಗಲೂ ಅಚ್ಚುಕಟ್ಟು. ಭರ್ಜಿಯನ್ನು ಕಂಡು ಮನೆಗೆ ಬಂದ ಸಂಜೆ ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು.

‘ಬಾ ಇಲ್ಲಿ’ ಎಂದಳು. ಅವಳ ದನಿಯಲ್ಲಿ ಏನೋ ಇತ್ತು. ‘ಇದನ್ನ ನೋಡು. ಇದನ್ನೂ ನೋಡು. ಇದು.’

ನೋಡಿದೆ. ಚೆಂಡು ನನ್ನ ಮೊಣಕೈ ಪಕ್ಕ. ಚೆಂಡು ನನ್ನ ಪ್ಯಾಡಿನ ಪಕ್ಕ. ಚೆಂಡು ನನ್ನ ಎರಡು ಕಾಲುಗಳ ನಡುವೆ, ಅದಂತೂ ಬಹಳ ಚೆನ್ನಾಗಿ ಬಂದಿತ್ತು. ‘ಫೋಕಸ್ ಚೆನ್ನಾಗಿದೆ’ ಎಂದೆ.

‘ಚೆಂಡು ನೋಡ್ಬೇಡ್ವೇ, ನಿನ್ನ ಮುಖ ನೋಡು.’

ಹೆಲ್ಮೆಟ್ಟಿನ ಕಂಬಿಗಳ ಹಿಂದೆ ನನ್ನ ಮುಖ ದೊಡ್ಡದು ಮಾಡಿ ತೋರಿಸಿದಳು. ಕಣ್ಣು ಮುಚ್ಚಿತ್ತು. ಎರಡನೆಯದರಲ್ಲೂ ಮುಚ್ಚಿತ್ತು. ಏಳರಲ್ಲೂ ಮುಚ್ಚಿತ್ತು. ಸುಮ್ಮನೆ ರೆಪ್ಪೆ ಬಡಿದದ್ದಲ್ಲ. ಬಿಗಿಯಾಗಿ, ಮೂಗು ಸುಕ್ಕಾಗುವಷ್ಟು, ಹಲ್ಲುಜ್ಜಿಸಿಕೊಳ್ಳುವ ಮಗುವಿನ ಹಾಗೆ ಮುಚ್ಚಿಕೊಂಡಿದ್ದೆ. ಚೆಂಡು ಮಾಯವಾಗುತ್ತಿದ್ದುದು ಎಲ್ಲಿಗೆ ಎಂದು ಆಗ ತಿಳಿಯಿತು. ನಾನು ಹೊಟ್ಟೆ ಹಿಡಿದುಕೊಂಡು ನಗತೊಡಗಿದೆ. ಮೂರು ಪಂದ್ಯ ಕಣ್ಣು ಮುಚ್ಚಿಕೊಂಡು ಆಡಿ, ಅದನ್ನು ವೇಗ ಎಂದು ಕರೆದು, ಮೇಲಿಂದ ಕ್ಯಾರೆಟ್ ಬೇರೆ ತಿಂದಿದ್ದೆನಲ್ಲ!

ದೊಡ್ಡಮ್ಮ ನಗಲಿಲ್ಲ. ‘ಯಾವಾಗ ಮುಚ್ತೀಯ?’ ಎಂದು ಕೇಳಿದಳು.

ಯೋಚಿಸಿದೆ. ‘ಅವಳು ಹೊಡೆಯೋಕೆ ಮುಂಚೆ. ಬಲಗಡೆ ಭುಜ ಸ್ವಲ್ಪ ಕೆಳಗೆ ಇಳಿಯತ್ತಲ್ಲ, ಆವಾಗ ಇರ್ಬೇಕು.’

‘ಭುಜ ಯಾಕೆ?’

‘ನಿಂದೂ ಇಳಿಯತ್ತಲ್ಲ ದೊಡ್ಡಮ್ಮ, ಬಟನ್ ಒತ್ತೋ ಮುಂಚೆ.’

ಅವಳು ಕುರ್ಚಿಯಲ್ಲೇ ನನ್ನ ಕಡೆ ಪೂರ್ತಿ ತಿರುಗಿದಳು. ‘ನಂದಾ? ನನ್ನ ಭುಜ ಇಳಿಯತ್ತಾ?’

‘ಯಾವಾಗ್ಲೂ ಇಳಿಯತ್ತೆ. ಚಿಕ್ಕೋಳಿದ್ದಾಗಿಂದ್ಲೂ ನೋಡ್ತಿದೀನಿ. ಅದು ಇಳಿದ ತಕ್ಷಣ ಫ್ಲ್ಯಾಶ್ ಬರತ್ತೆ ಅಂತ ನಾನು...’

ಇಬ್ಬರಿಗೂ ಒಟ್ಟಿಗೆ ಅರ್ಥವಾಗಿತ್ತು. ಸ್ಟೂಲಿನ ಮೇಲೆ ಕೂತು ಕಲಿತ ವಿದ್ಯೆಯನ್ನು ನಾನು ಹಾಗೇ ಹೊತ್ತುಕೊಂಡು ಹೋಗಿ ಮೈದಾನದಲ್ಲಿ ಇಟ್ಟಿದ್ದೆ. ಎದುರು ಇರುವವರ ಭುಜ ಇಳಿದರೆ ಕಣ್ಣು ಮುಚ್ಚು. ದೊಡ್ಡಮ್ಮನ ಮುಖ ಸಪ್ಪಗಾಯಿತು. ‘ಊರಿಗೆಲ್ಲ ಕಣ್ಣು ಮುಚ್ಚಬೇಡಿ, ಕಣ್ಣು ಮುಚ್ಚಬೇಡಿ ಅಂತ ಬಡ್ಕೋತೀನಿ. ಮನೇಲಿರೋ ಹುಡುಗೀಗೆ ನಾನೇ ಮುಚ್ಚೋದು ಕಲ್ಸಿದೀನಿ’ ಎಂದು ಎದ್ದುಹೋಗಿ, ಆಗಲೇ ಒರೆಸಿದ್ದ ಲೆನ್ಸನ್ನು ಮತ್ತೆ ಒರೆಸತೊಡಗಿದಳು. ಅವಳಿಗೆ ದುಃಖವಾದಾಗ ಏನನ್ನಾದರೂ ಒರೆಸುತ್ತಾಳೆ.

ದುಃಖ ಕಳೆದ ಮೇಲೆ ಹಟ ಬಂತು. ಅಲ್ಲಿಂದ ಮುಂದೆ ಸ್ಟುಡಿಯೋದಲ್ಲಿ ನಡೆದ ತಾಲೀಮನ್ನು ಯಾರೂ ನೋಡಬಾರದಾಗಿತ್ತು, ಆದರೆ ಗಿರಾಕಿಗಳೆಲ್ಲ ನೋಡಿದರು. ನಾನು ಹೆಲ್ಮೆಟ್ಟು, ಎದೆಕವಚ, ಪ್ಯಾಡು ಎಲ್ಲ ಹಾಕಿಕೊಂಡು ಬಿಳಿ ಪರದೆಯ ಮುಂದೆ ಸ್ಟೂಲಿನ ಮೇಲೆ ಕೂರುವುದು, ದೊಡ್ಡಮ್ಮ ಭುಜ ಇಳಿಸಿ ಫ್ಲ್ಯಾಶ್ ಹೊಡೆಯುವುದು, ನಾನು ಕಣ್ಣು ಮುಚ್ಚುವುದು, ‘ಮತ್ತೆ ಮುಚ್ಚಿದ್ಯಲ್ಲೇ!’ ಎಂದು ಅವಳು ತಲೆ ಚಚ್ಚಿಕೊಳ್ಳುವುದು. ಭುಜ ಇಳಿಸದೆ ಬಟನ್ ಒತ್ತಲು ಅವಳೂ ಒದ್ದಾಡಿದಳು. ಆಗಲಿಲ್ಲ. ಭುಜ ಎತ್ತಿ ಹಿಡಿದರೆ ಕ್ಯಾಮೆರಾ ಅಲುಗುತ್ತಿತ್ತು. ಗಿರಾಕಿಗಳನ್ನು ಕಣ್ಣು ಬಿಟ್ಟು ಕೂರಿಸಲು ಅವಳದೊಂದು ಉಪಾಯವಿದೆ: ಮೊದಲೇ ಮುಚ್ಚಿಕೊಳ್ಳಿ, ನಾನು ಹೇಳಿದಾಗ ತೆಗೆಯಿರಿ ಎನ್ನುತ್ತಾಳೆ. ಅದನ್ನೂ ಪ್ರಯೋಗಿಸಿದೆವು. ನಾನು ಮೊದಲೇ ಮುಚ್ಚಿಕೊಂಡೆ. ಅವಳು ಚೆಂಡಿನ ಬದಲು ಲೆನ್ಸಿನ ಮುಚ್ಚಳ ಎಸೆದಳು. ಅದು ಹೆಲ್ಮೆಟ್ಟಿಗೆ ಟಣ್ ಎಂದ ಮೇಲೆ ನಾನು ಕಣ್ಣು ತೆಗೆದೆ. ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಬಂದಿದ್ದ ಬ್ಯಾಂಕಿನ ಗುಮಾಸ್ತರೊಬ್ಬರು ಬಾಗಿಲಲ್ಲೇ ನಿಂತು, ‘ಈಗ ಹೆಲ್ಮೆಟ್ ಹಾಕ್ಕೊಂಡೇ ತೆಗಿಸ್ಬೇಕಾ ಮೇಡಂ? ಹೊಸ ರೂಲ್ಸಾ?’ ಎಂದು ಗಾಬರಿಯಿಂದ ಕೇಳಿದರು.

ಅಮ್ಮ ಒಂದು ದಿನ ಡ್ಯೂಟಿ ಮುಗಿಸಿ ಬಂದವಳು ಇದನ್ನೆಲ್ಲ ನೋಡಿ, ‘ನಿಮ್ಮಿಬ್ರಿಗೂ ನಮ್ಮ ಆಸ್ಪತ್ರೆಯಲ್ಲೇ ಬೆಡ್ ಹೇಳಿಡ್ತೀನಿ’ ಎಂದು ಮಲಗಲು ಹೋದಳು. ಮೆಟ್ಟಿಲಿನಿಂದ ತಿರುಗಿ, ‘ಚೆಂಡು ಬಂದಾಗ ಕಣ್ಣು ಮುಚ್ಚೋದೇ ಒಳ್ಳೇದು. ಕಣ್ಣಿಗೆ ಬಿದ್ರೆ?’ ಎಂದೂ ಸೇರಿಸಿದಳು. ತಾಲೀಮಿನ ಫಲ ಏನೆಂದರೆ, ಕೊನೆಯ ಹೊತ್ತಿಗೆ ಒಂದು ಕಣ್ಣು ಮಾತ್ರ ಮುಚ್ಚುವಷ್ಟು ಸುಧಾರಿಸಿದ್ದೆ. ಆ ಫೋಟೋಗಳಲ್ಲಿ ನಾನು ಯಾರಿಗೋ ಕಣ್ಣು ಹೊಡೆಯುತ್ತಿರುವ ಹಾಗಿದ್ದೇನೆ.

ನಾಲ್ಕನೆಯ ಪಂದ್ಯ ನಮ್ಮದೇ ಮೈದಾನದಲ್ಲಿ. ದೊಡ್ಡಮ್ಮ ಸ್ಟುಡಿಯೋದ ಷಟರ್ ಎಳೆದು ಬಂದಿದ್ದಳು. ಕೆಲಸದ ದಿನ ಅವಳು ಮಧ್ಯಾಹ್ನ ಅಂಗಡಿ ಮುಚ್ಚಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ‘ಕಾಲೇಜಿನವರು ಇನ್ನೊಂದಿಷ್ಟು ಫೋಟೋ ಕೇಳಿದಾರೆ’ ಎಂದಳು. ಯಾರೂ ಕೇಳಿರಲಿಲ್ಲ. ನನ್ನ ಗೋಲಿನ ಹಿಂದೆ, ಬಲೆಗೆ ಸ್ವಲ್ಪ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಳು. ಆ ಕಡೆ ಬೆಂಚಿನ ಮೇಲೆ ಭರ್ಜಿ ಕೂತಿದ್ದಳು, ಬಟ್ಟೆಯ ಗಂಟಿನ ಸಮೇತ.

ಆಟ ಶುರುವಾಯಿತು. ಮೊದಲ ಹೊಡೆತ ಬಂದಾಗ ನನ್ನ ಒಂದು ಕಣ್ಣು ಮುಚ್ಚಿತು, ಇನ್ನೊಂದು ತೆರೆದೇ ಇತ್ತು. ಆ ಒಂದು ಕಣ್ಣಿನಿಂದ ನಾನು ಜೀವಮಾನದಲ್ಲೇ ಮೊದಲ ಬಾರಿಗೆ ಚೆಂಡು ನನ್ನ ಕಡೆ ಬರುವುದನ್ನು ಕಂಡೆ. ಹುಲ್ಲಿನ ಮೇಲೆ ಬೆಳ್ಳಗೆ ಉರುಳುತ್ತಾ ಎಷ್ಟು ಚೆನ್ನಾಗಿ ಬಂತೆಂದರೆ ನಾನು ಮೈಮರೆತು ನೋಡುತ್ತಾ ನಿಂತುಬಿಟ್ಟೆ. ಅದು ಬಂದು ಪ್ಯಾಡಿಗೆ ಬಡಿದು ಆಚೆ ಹೋಯಿತು. ನಮ್ಮ ಹುಡುಗಿಯರು ‘ಭಲೇ ಬಾಗಿಲು!’ ಎಂದು ಕೂಗಿದರು. ನಾನು ಎಲ್ಲಾ ಲೆಕ್ಕ ಹಾಕಿಯೇ ನಿಂತವಳಂತೆ ತಲೆಯಾಡಿಸಿದೆ. ಆಮೇಲೆ ಒಂದೆರಡು ಚೆಂಡು ಹೀಗೇ ಅರೆಗಣ್ಣಿನಲ್ಲಿ ತಪ್ಪಿಹೋಗಿ ಗೋಲಿನ ಕಂಬಕ್ಕೆ ಬಡಿದವು, ಕಂಬ ನನಗಿಂತ ಚೆನ್ನಾಗಿ ಆಡಿತು. ಅರ್ಧ ಆಟ ಮುಗಿಯುವ ಮುಂಚೆ ನಮ್ಮ ಕ್ಯಾಪ್ಟನ್ ಒಂದು ಗೋಲು ಹೊಡೆದಳು. ಆ ವರ್ಷ ನಾವು ಮುಂದಿದ್ದದ್ದು ಅದೇ ಮೊದಲು. ಕೋಚ್ ಸರ್‌ಗೆ ಏನು ಹೇಳುವುದೆಂದೇ ತೋಚಲಿಲ್ಲ. ಸೋತಾಗ ಹೇಳುವ ಮಾತುಗಳನ್ನು ಮಾತ್ರ ಸಿದ್ಧಮಾಡಿಕೊಂಡು ಬಂದಿದ್ದರು.

ದ್ವಿತೀಯಾರ್ಧದಲ್ಲಿ ಎದುರು ತಂಡದ ಸೆಂಟರ್ ಫಾರ್ವರ್ಡ್ ಒಬ್ಬಳೇ ಚೆಂಡಿನೊಡನೆ ನುಗ್ಗಿ ಬಂದಳು. ನಮ್ಮ ಬ್ಯಾಕ್‌ಗಳೆಲ್ಲ ಹಿಂದೆ ಬಿದ್ದಿದ್ದರು. ಅವಳು, ನಾನು, ನಡುವೆ ಚೆಂಡು. ನಾನು ಮಂಡಿ ಬಗ್ಗಿಸಿ, ಎರಡು ಕಣ್ಣೂ ಬಿಟ್ಟುಕೊಂಡು, ಸರಿಯಾಗಿ ಅವಳ ದಾರಿಗೆ ಅಡ್ಡ ನಿಂತೆ. ಕೋಚ್ ಸರ್ ಹೇಳಿಕೊಟ್ಟಿದ್ದೆಲ್ಲವೂ ಆ ಒಂದು ಗಳಿಗೆಯಲ್ಲಿ ನನ್ನ ಮೈಗೆ ಬಂದಿತ್ತು. ಆಗ ಹಿಂದಿನಿಂದ ಜೋರಾಗಿ ಕೇಳಿಸಿತು:

‘ಏ, ಸರ್ಕೋ ಆ ಕಡೆ! ಅಡ್ಡ ಬರ್ತಿದೀಯ!’

ಸರಿದೆ.

ಯೋಚಿಸಲಿಲ್ಲ, ಏನೂ ಇಲ್ಲ. ಹುಟ್ಟಿದಾಗಿನಿಂದ ಕೇಳಿದ ಮಾತು, ಕಿವಿಗೆ ಬಿದ್ದ ತಕ್ಷಣ ಕಾಲು ತಾನಾಗಿ ಎರಡು ಹೆಜ್ಜೆ ಎಡಕ್ಕೆ ಹೋಯಿತು. ಸೆಂಟರ್ ಫಾರ್ವರ್ಡ್ ಒಂದು ಗಳಿಗೆ ಅನುಮಾನದಿಂದ ನನ್ನನ್ನು ನೋಡಿದಳು. ಇಷ್ಟು ಮರ್ಯಾದೆ ಅವಳಿಗೆ ಯಾವ ಮೈದಾನದಲ್ಲೂ ಸಿಕ್ಕಿರಲಿಕ್ಕಿಲ್ಲ. ಆಮೇಲೆ ಚೆಂಡನ್ನು ನಿಧಾನವಾಗಿ ಖಾಲಿ ಗೋಲಿನೊಳಕ್ಕೆ ತಳ್ಳಿದಳು. ಆ ಫೋಟೋ ಅದ್ಭುತವಾಗಿ ಬಂದಿದೆ. ಕಾಲೇಜಿನ ಸಂಚಿಕೆಯಲ್ಲೂ ಅದೇ ಅಚ್ಚಾಯಿತು, ಈಗಲೂ ನಮ್ಮ ಸ್ಟುಡಿಯೋದ ಕಿಟಕಿಯಲ್ಲಿ ನೀಲಿಯಾದ ಡಾಕ್ಟರ ಪಕ್ಕದಲ್ಲಿದೆ. ಸೆಂಟರ್ ಫಾರ್ವರ್ಡ್ ಇದ್ದಾಳೆ, ಚೆಂಡಿದೆ, ಹಿನ್ನೆಲೆಯಲ್ಲಿ ಬಾಯಿ ತೆರೆದ ನಮ್ಮ ಬ್ಯಾಕ್‌ಗಳಿದ್ದಾರೆ. ‘ಇದ್ರಲ್ಲಿ ನೀವೆಲ್ಲಿ?’ ಎಂದು ಗಿರಾಕಿಗಳು ಕೇಳುತ್ತಾರೆ. ನಾನು ಇಲ್ಲ, ಸರಿದಿದ್ದೇನೆ.

ತಿರುಗಿ ನೋಡಿದೆ. ದೊಡ್ಡಮ್ಮ ಕ್ಯಾಮೆರಾ ಇಳಿಸಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಿಂತಿದ್ದಳು. ಅವಳಿಗೂ ಅದು ಯೋಚಿಸಿ ಆಡಿದ ಮಾತಲ್ಲ. ಚೌಕಟ್ಟಿನಲ್ಲಿ ನಾನು ಅಡ್ಡ ಬಂದೆ, ಬಾಯಿ ತಾನಾಗಿ ತೆರೆದಿತ್ತು. ಇಬ್ಬರೂ ನಮ್ಮ ನಮ್ಮ ಕೆಲಸ ಮಾಡಿದ್ದೆವು. ಕ್ಯಾಪ್ಟನ್ ಮಾತ್ರ ಓಡಿಬಂದು, ‘ಅವಳಿಗೆ ದಾರಿ ಬಿಟ್ಯಲ್ಲೇ! ಆರತಿ ಒಂದು ಬಾಕಿ!’ ಎಂದು ಹಲ್ಲು ಕಡಿದಳು. ಬೆಂಚಿನ ಮೇಲೆ ಭರ್ಜಿ ಬಟ್ಟೆಯ ಗಂಟು ಬಿಚ್ಚತೊಡಗಿದ್ದು ನನಗೆ ನಿಂತಲ್ಲಿಂದಲೇ ಕಾಣಿಸಿತು.

ಒಂದಕ್ಕೆ ಒಂದು. ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ನಮ್ಮ ಗೋಲಿನ ಮುಂದೆ ನೂಕುನುಗ್ಗಲಾಯಿತು. ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದ ಚೆಂಡನ್ನು ಕ್ಯಾಪ್ಟನ್ ಗೆರೆಯ ಮೇಲೆ ಕಾಲಿನಿಂದ ತಡೆದಳು. ಹಾಕಿಯಲ್ಲಿ ಕಾಲು ಉಪಯೋಗಿಸುವ ಹಕ್ಕಿರುವುದು ಕೀಪರಿಗೆ ಮಾತ್ರ. ಅಂಪೈರ್ ಸೀಟಿ ಊದಿದರು. ಪೆನಾಲ್ಟಿ ಸ್ಟ್ರೋಕ್. ಎಲ್ಲರೂ ದೂರ ಹೋಗಬೇಕು. ಹೊಡೆಯುವವಳು ಒಬ್ಬಳು, ತಡೆಯುವವಳು ಒಬ್ಬಳು. ಹೊಡೆಯಲು ಬಂದವಳು ಅದೇ ಸೆಂಟರ್ ಫಾರ್ವರ್ಡ್. ನನ್ನನ್ನು ನೋಡಿ ಸ್ನೇಹದಿಂದ ನಕ್ಕಳು.

ಮೈದಾನ ಸದ್ದಿಲ್ಲದೆ ನಿಂತಿತು. ಅವಳು ಚೆಂಡಿನ ಹಿಂದೆ ನಿಂತಳು. ಸ್ಟೂಲಿನಿಂದ ಕ್ಯಾಮೆರಾಗೆ ಇರುವಷ್ಟೇ ದೂರ ಎಂದು ನನಗೆ ಅನ್ನಿಸಿತು, ಅಷ್ಟಿರಲಿಲ್ಲ, ಜಾಸ್ತಿಯೇ ಇತ್ತು. ಇದು ಒಳಗೆ ಹೋದರೆ ಪ್ಯಾಡು ಬಿಚ್ಚಿಕೊಡಬೇಕು. ರೆಪ್ಪೆಗಳು ಆಗಲೇ ಅದುರುತ್ತಿದ್ದವು. ಮುಚ್ಚೋಣವೇ, ಮುಚ್ಚೋಣವೇ ಎಂದು ಕೇಳುತ್ತಿದ್ದವು. ಅವಳ ಭುಜ ನೋಡುತ್ತಾ ನಿಂತೆ.

ಹಿಂದಿನಿಂದ ದೊಡ್ಡಮ್ಮನ ದನಿ ಬಂತು. ಈ ಸಲ ಜೋರಾಗಿ ಅಲ್ಲ. ಅಳು ಬರುವ ಮುಂಚಿನ ದನಿ.

‘ಸರೀಬೇಡ ಕಣೇ. ಅಲ್ಲೇ ನಿಂತ್ಕೋ.’

ನನಗೆ ಎಂಥ ಆಶ್ಚರ್ಯವಾಯಿತೆಂದರೆ ಕಣ್ಣು ಮುಚ್ಚುವುದೇ ಮರೆತುಹೋಯಿತು. ಆ ಬಾಯಿಂದ ಆ ಮಾತು ನಾನು ಕೇಳಿದ್ದೇ ಇಲ್ಲ. ಸೀಟಿ ಆಯಿತು. ಎದುರಿಗಿದ್ದವಳ ಬಲಭುಜ ಇಳಿಯಿತು. ನನ್ನ ಎರಡು ಕಣ್ಣೂ ಅಗಲವಾಗಿ ತೆರೆದೇ ಇದ್ದವು. ಚೆಂಡು ನೆಲ ಬಿಟ್ಟು ಏಳುವುದನ್ನು ಕಂಡೆ, ನನ್ನ ಎಡಭುಜದ ಕಡೆ ಬರುವುದನ್ನು ಕಂಡೆ, ಅದರ ಮೇಲೆ ಅಂಟಿದ್ದ ಹುಲ್ಲಿನ ಒಂದು ಎಸಳನ್ನೂ ಕಂಡೆ. ಹಾರಿ ಹಿಡಿದೆ ಎಂದು ಹೇಳಲು ನನಗೂ ಆಸೆಯಿದೆ. ಹಾರಲಿಲ್ಲ. ಅಲ್ಲೇ ನಿಂತ್ಕೋ ಎಂದಿದ್ದಳು, ನಿಂತಿದ್ದೆ. ಎಡಗೈ ಮಾತ್ರ ಎತ್ತಿದೆ. ಚೆಂಡು ಕೈಗವಸಿಗೆ ಬಡಿದು, ಕಂಬದ ಆಚೆ ಹೋಗಿ ಬಿತ್ತು.

ಆಮೇಲೆ ನನ್ನ ಮೇಲೆ ಇಡೀ ತಂಡ ಬಂದು ಬಿತ್ತು. ಕ್ಯಾಪ್ಟನ್ ನನ್ನ ಹೆಲ್ಮೆಟ್ಟಿಗೆ ಮುತ್ತು ಕೊಡಲು ಬಂದು ಹಲ್ಲು ತಗುಲಿಸಿಕೊಂಡಳು. ಪಂದ್ಯ ಸಮನಾಗಿ ಮುಗಿಯಿತು, ಗೆಲುವೇನೂ ಅಲ್ಲ. ಆದರೂ ನಾವು ಕಪ್ ಗೆದ್ದವರಂತೆ ಕುಣಿದೆವು. ಕೋಚ್ ಸರ್ ನನ್ನ ಹತ್ತಿರ ಬಂದು, ‘ಕ್ಯಾರೆಟ್ ಬಿಡಬೇಡ’ ಎಂದರು. ಭರ್ಜಿ ಬಟ್ಟೆಯನ್ನೆಲ್ಲ ಮತ್ತೆ ಗಂಟು ಕಟ್ಟುತ್ತಿದ್ದಳು. ನನಗಿಂತ ಅವಳಿಗೇ ಹೆಚ್ಚು ಸಂತೋಷವಾದಂತಿತ್ತು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ, ಎದೆಕವಚ ಬಿಗಿಯಾಗತೊಡಗಿತ್ತು.

ಎಲ್ಲರಿಂದ ಬಿಡಿಸಿಕೊಂಡು, ಪ್ಯಾಡಿನಲ್ಲಿ ದಡಬಡ ಹೆಜ್ಜೆ ಹಾಕುತ್ತಾ ಬಲೆಯ ಹಿಂದಕ್ಕೆ ಓಡಿದೆ. ದೊಡ್ಡಮ್ಮ ಕುರ್ಚಿಯ ಪಕ್ಕ ನಿಂತು ಲೆನ್ಸು ಒರೆಸುತ್ತಿದ್ದಳು.

‘ದೊಡ್ಡಮ್ಮ, ಬಂತಾ, ನಾನು ಚೆಂಡು ತಡ್ದಿದ್ದು? ನನ್ನ ಕಣ್ಣು ತೆಗ್ದಿತ್ತು! ಎರಡೂ! ತೋರ್ಸು, ತೋರ್ಸು.’

ಅವಳು ಒರೆಸುತ್ತಲೇ ಇದ್ದಳು. ‘ಇಲ್ಲ’ ಎಂದಳು.

‘ಇಲ್ಲ ಅಂದ್ರೆ? ಏಳು ಗೋಲೂ ಬಿಡದೆ ತೆಗ್ದಿದ್ದೆ. ಇದೊಂದು ತೆಗೀಲಿಲ್ವಾ?’

‘ಬೈಬೇಡ್ವೇ’ ಎಂದಳು. ಮುಖ ಎತ್ತಿ ನೋಡಿದಳು. ಕಣ್ಣಲ್ಲಿ ನೀರು ಕಟ್ಟಿಕೊಂಡಿತ್ತು. ‘ಅವಳ ಭುಜ ಇಳೀತು ನೋಡು... ನಾನು ಕಣ್ಣು ಮುಚ್ಕೊಂಡ್ಬಿಟ್ಟೆ.’